ಮೆಲ್ಲಗೆ ಒತ್ತಿದರೆ ಪಿಯಾನೋ ಯಾಕೆ ಸುಮ್ಮನಿರುತ್ತದೆ?

ಪ್ರಶ್ನೆ: ಹಳೆಯದೊಂದು ಗ್ರ್ಯಾಂಡ್ ಪಿಯಾನೋ ಕೊಂಡಿದ್ದೇವೆ. ಕೀಯನ್ನು ತುಂಬಾ ನಿಧಾನವಾಗಿ ಒತ್ತಿದರೆ ತಳದವರೆಗೂ ಇಳಿಯುತ್ತದೆ, ಆದರೆ ಸದ್ದೇ ಬರುವುದಿಲ್ಲ. ತಳ ಮುಟ್ಟುವ ಸ್ವಲ್ಪ ಮುಂಚೆ ಬೆರಳಿಗೆ ಏನೋ ತಡೆದಂತೆ ಆಗುತ್ತದೆ. ರಿಪೇರಿ ಮಾಡಿಸಬೇಕೇ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಪಿಯಾನೋ ಇರಬೇಕಾದದ್ದೇ ಹಾಗೆ.

ಮುಚ್ಚಳ ಎತ್ತಿ, ಒಂದು ಕೀಯನ್ನು ಮೆಲ್ಲಗೆ ಒತ್ತುತ್ತಾ ಒಳಗೆ ನೋಡಿ. ಕೀ ಇಳಿಯುವುದು ಸುಮಾರು 10 ಮಿಲಿಮೀಟರ್. ಅಷ್ಟರಲ್ಲಿ ಫೆಲ್ಟ್ ಸುತ್ತಿದ ಸುತ್ತಿಗೆ ಅದರ ನಾಲ್ಕೈದು ಪಟ್ಟು ಮೇಲೇರುತ್ತದೆ. ತಂತಿ ಇನ್ನೇನು ಒಂದೆರಡು ಮಿಲಿಮೀಟರ್ ದೂರ ಇದೆ ಅನ್ನುವಾಗ, ಸುತ್ತಿಗೆಯನ್ನು ತಳ್ಳುತ್ತಿದ್ದ ಜ್ಯಾಕ್ ಎಂಬ ಮರದ ತುಂಡು ಪಕ್ಕಕ್ಕೆ ಜಾರುತ್ತದೆ. ನಿಮ್ಮ ಬೆರಳಿಗೆ ಸಿಕ್ಕಿದ ತಡೆ ಅದೇ. ಅಲ್ಲಿಂದ ಮುಂದೆ ಸುತ್ತಿಗೆ ನಿಮ್ಮ ಹಿಡಿತದಲ್ಲಿಲ್ಲ. ವೇಗ ಇದ್ದರೆ ಹಾರಿ ತಂತಿಗೆ ಬಡಿಯುತ್ತದೆ, ಇಲ್ಲದಿದ್ದರೆ ಹಾಗೇ ಕೆಳಗಿಳಿಯುತ್ತದೆ. ಕೊನೆಯವರೆಗೂ ತಳ್ಳಿದ್ದರೆ ಸುತ್ತಿಗೆ ತಂತಿಗೆ ಅಂಟಿಕೊಂಡೇ ಇರುತ್ತಿತ್ತು. ಟಪ್ ಅಂತ ಒಂದು ಸದ್ದು, ಅಷ್ಟೇ.

ಸ್ವರ ಬಂದ ಮೇಲೂ ಕೆಲವರು ಭಾವ ತುಂಬಲು ಕೀ ಮೇಲೆ ಬೆರಳು ಅಲುಗಿಸುತ್ತಾರೆ. ಪಾಪ, ಅದು ತಂತಿಗೆ ತಲುಪುವುದೇ ಇಲ್ಲ! ಪಿಯಾನೋಗಿಂತ ಹಳೆಯ ಕೀ ವಾದ್ಯವಾದ ಕ್ಲಾವಿಕಾರ್ಡ್‌ನಲ್ಲಿ ತಲುಪುತ್ತಿತ್ತು. ಅದರಲ್ಲಿ ಒತ್ತಿ ಹಿಡಿದಷ್ಟು ಹೊತ್ತೂ ಕೀಯ ತುದಿಯ ಲೋಹದ ಪಟ್ಟಿ ತಂತಿಯನ್ನು ಮುಟ್ಟಿಕೊಂಡೇ ಇರುತ್ತದೆ, ಬೆರಳು ಅಲುಗಿದರೆ ಸ್ವರವೂ ಅಲುಗುತ್ತದೆ. ಆದರೆ ಸದ್ದು ತೀರಾ ಸಣ್ಣದು. ಆ ಕಾಲದ ಇನ್ನೊಂದು ಕೀ ವಾದ್ಯವಾದ ಹಾರ್ಪ್ಸಿಕಾರ್ಡ್‌ಗೆ ಸದ್ದೇನೋ ಇತ್ತು. ಅಲ್ಲಿ ಹಕ್ಕಿಗರಿಯ ದಂಟಿನ ಚೂರು ತಂತಿಯನ್ನು ಮೀಟುತ್ತದೆ. ಜೋರಾಗಿ ಒತ್ತಿ, ಮೆಲ್ಲಗೆ ಒತ್ತಿ, ತಂತಿ ಹೆಚ್ಚುಕಡಿಮೆ ಅಷ್ಟೇ ಬಾಗುತ್ತದೆ. ಹಾಗಾಗಿ ಸದ್ದಿನಲ್ಲಿ ಜಾಸ್ತಿ ವ್ಯತ್ಯಾಸ ಬರುವುದಿಲ್ಲ.

1700ರ ಸುಮಾರಿಗೆ ಫ್ಲಾರೆನ್ಸ್‌ನ ಮೆಡಿಚಿ ಮನೆತನದ ಆಸ್ಥಾನದಲ್ಲಿದ್ದ ವಾದ್ಯ ತಯಾರಕ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಈ ಎರಡರ ಕೊರತೆಯನ್ನೂ ನೀಗಿಸಿದ. ಸುತ್ತಿಗೆಯಿಂದ ತಂತಿ ಬಡಿಯುವ ಯೋಚನೆ ಅಷ್ಟೇನೂ ಕಷ್ಟದ್ದಲ್ಲ. ಬಡಿಯುವ ಮುನ್ನ ಅದನ್ನು ಬಿಟ್ಟುಬಿಡುವ ಏರ್ಪಾಡು ಇದೆಯಲ್ಲ, ಜಾಣತನ ಇರುವುದು ಅಲ್ಲಿ. ಅವನು ಮಾಡಿದ ಮೂರು ಪಿಯಾನೋ ಇಂದಿಗೂ ಉಳಿದಿವೆ. 1720ರದ್ದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. 1821ರಲ್ಲಿ ಫ್ರಾನ್ಸಿನ ಪಿಯಾನೋ ತಯಾರಕ ಸೆಬಾಸ್ಟಿಯನ್ ಎರಾರ್ ಸುತ್ತಿಗೆಯನ್ನು ಬಿಟ್ಟುಬಿಡುವ ಈ ಏರ್ಪಾಡನ್ನು ಇನ್ನೂ ಸುಧಾರಿಸಿದ. ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸುವಂತಾಯಿತು. ನಿಮ್ಮ ಪಿಯಾನೋ ಒಳಗಿರುವುದೂ ಬಹುಪಾಲು ಅದೇ ಏರ್ಪಾಡು.

ಒಂದನ್ನು ಮಾತ್ರ ಪರೀಕ್ಷಿಸಿ. ಮಾಮೂಲಿಯಾಗಿ ಒತ್ತಿದಾಗಲೂ ಸ್ವರ ತಪ್ಪಿದರೆ, ಒಂದು ಸಲ ಒತ್ತಿದ್ದಕ್ಕೆ ಎರಡು ಸಲ ಬಡಿದರೆ, ಅಥವಾ ಸುತ್ತಿಗೆ ತಂತಿಗೆ ಒರಗಿ ನಿಂತರೆ ಆಗ ಟೆಕ್ನೀಷಿಯನ್‌ಗೆ ತೋರಿಸಿ. ಸಾಮಾನ್ಯವಾಗಿ ಒಳಗಿನ ಅಳತೆಗಳನ್ನು ಸರಿಹೊಂದಿಸಿದರೆ ಸಾಕಾಗುತ್ತದೆ.