ಲಿವರ್‌ಗೆ ರೋಬೋಟಿಕ್ ಸರ್ಜರಿ ಆದರೆ ಎಷ್ಟು ದಿನಕ್ಕೆ ಸುಧಾರಿಸಿಕೊಳ್ಳುತ್ತಾರೆ?

ನಿಮ್ಮ ತಂದೆಯವರ ಲಿವರ್‌ನಲ್ಲಿ ಗಡ್ಡೆ ಇದೆ, ಡಾಕ್ಟರು ರೋಬೋಟಿಕ್ ಸರ್ಜರಿ ಅಂದಿದ್ದಾರೆ, ಯಂತ್ರವನ್ನು ನಂಬಬಹುದಾ, ಎಷ್ಟು ದಿನಕ್ಕೆ ಓಡಾಡುತ್ತಾರೆ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ನಮ್ಮ ಅಮ್ಮನಿಗೆ ಹೋದ ವರ್ಷ ಇದೇ ಆಪರೇಷನ್ ಆಯಿತು, ಜೊತೆಗಿದ್ದು ನೋಡಿಕೊಂಡವನು ನಾನು. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ನ ಎಡಭಾಗಕ್ಕೆ ಹಬ್ಬಿತ್ತು.

ರೋಬೋಟ್ ತಾನಾಗಿ ಏನೂ ಕೊಯ್ಯುವುದಿಲ್ಲ, ಆ ಭಯ ಬಿಡಿ. ಸರ್ಜನ್ ಅದೇ ಥಿಯೇಟರಿನಲ್ಲಿ ನಾಲ್ಕು ಹೆಜ್ಜೆ ಆಚೆ ಕೂತು, ಒಳಗಿನ ದೃಶ್ಯ ನೋಡುತ್ತಾ ಬೆರಳಾಡಿಸುತ್ತಾರೆ. ಹೊಟ್ಟೆಯೊಳಗಿನ ಉಪಕರಣ ಹಾಗೇ ಆಡುತ್ತದೆ, ಮಣಿಕಟ್ಟಿನ ಥರ ತಿರುಗುತ್ತದೆ, ಕೈ ನಡುಗಿದರೂ ಅದು ನಡುಗುವುದಿಲ್ಲ. ಲಿವರ್ ಅಂದರೆ ರಕ್ತ ಹೀರಿಕೊಂಡ ಸ್ಪಂಜು. ನಿಮಿಷಕ್ಕೆ ಸುಮಾರು 1.5 ಲೀಟರ್ ರಕ್ತ ಅದರೊಳಗೆ ಹರಿಯುತ್ತದೆ. ಅದಕ್ಕೇ ಕೊಯ್ಯುವಾಗ ಒಳಗೆ ಹೋಗುವ ರಕ್ತನಾಳಗಳನ್ನು 15 ನಿಮಿಷ ಬಿಗಿಹಿಡಿದು, ಸ್ವಲ್ಪ ಹೊತ್ತು ಸಡಿಲಿಸಿ, ಮತ್ತೆ ಹಿಡಿಯುವುದುಂಟು. ಗ್ಲಾಸ್ಗೋದ ಪ್ರಿಂಗಲ್ ಅನ್ನೋ ಸರ್ಜನ್ 1908ರಲ್ಲಿ ಬರೆದಿಟ್ಟ ಉಪಾಯವಂತೆ. ಇಷ್ಟು ದುಬಾರಿ ಯಂತ್ರ ಬಂದರೂ ಅದನ್ನು ಬಿಟ್ಟಿಲ್ಲ ನೋಡಿ!

ಅಮ್ಮನ ಹೊಟ್ಟೆ ಮೇಲೆ ಐದು ತೂತು, ಒಂದೊಂದೂ ಕಿರುಬೆರಳಿನಷ್ಟು. ಕೊಯ್ದ ತುಂಡು ಅದರಲ್ಲಿ ಬರಲ್ಲವಲ್ಲ, ಅದನ್ನು ಚೀಲಕ್ಕೆ ಹಾಕಿ, ಕೆಳಹೊಟ್ಟೆಯಲ್ಲಿ ನಾಲ್ಕು ಬೆರಳಗಲ ಕೊಯ್ದು ತೆಗೆದರು. ಮಾರನೇ ದಿನವೇ ಎಬ್ಬಿಸಿ ನಡೆಸಿದರು. "ಹೊಟ್ಟೆ ಕೊಯ್ದರೆ ಭುಜ ಯಾಕೋ ನೋಯುತ್ತೆ?" ಅಂತ ಅಮ್ಮ ನನ್ನ ಮೇಲೇ ರೇಗಿದರು. ಹೊಟ್ಟೆ ಉಬ್ಬಿಸೋಕೆ ತುಂಬಿದ ಗ್ಯಾಸ್‌ನಿಂದ ಹಾಗಾಗುತ್ತಂತೆ, ಎರಡು ದಿನದಲ್ಲಿ ಹೋಯಿತು. ಪಕ್ಕದಲ್ಲಿ ಒಂದು ಡ್ರೈನ್ ಪೈಪು ಇತ್ತು. ಅದರ ಚೀಲದಲ್ಲಿ ಹಸಿರು ಬಣ್ಣ ಬಂತಾ ಅಂತ ನರ್ಸ್ ಬಂದಾಗಲೆಲ್ಲ ನೋಡುತ್ತಿದ್ದರು. ಬಂದರೆ ಪಿತ್ತರಸ ಸೋರುತ್ತಿದೆ ಅಂತ ಅರ್ಥ. ನಮಗೆ ಬರಲಿಲ್ಲ. ಐದನೇ ದಿನ ಮನೆಗೆ ಬಂದೆವು.

ನಾವು ಎಡವಿದ್ದು ಇಲ್ಲೇ. ಗಾಯ ಸಣ್ಣದು, ಆದ್ದರಿಂದ ಆಪರೇಷನ್ನೂ ಸಣ್ಣದು ಅಂದುಕೊಂಡೆವು. ಹೊರಗೆ ಐದು ತೂತಾದರೂ ಒಳಗೆ ಲಿವರ್ ಕೊಯ್ದಿರುವುದು ಅಷ್ಟೇ ದೊಡ್ಡದಾಗಿ ಅಲ್ವಾ? ಹತ್ತನೇ ದಿನ ಅಮ್ಮ ಸ್ನಾನಕ್ಕೆ ತಾವೇ ಬಕೆಟ್ ಎತ್ತಿಕೊಂಡು ಹೋದರು. ಆಮೇಲೆ ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರು ನನಗೇ ಬೈದರು. ಆರು ವಾರ ಭಾರ ಎತ್ತಬಾರದು ಅಂತ ಡಿಸ್ಚಾರ್ಜ್ ಕಾಗದದಲ್ಲೇ ಬರೆದಿತ್ತು. ನೋವಿಗಿಂತ ಸುಸ್ತು ಜಾಸ್ತಿ ದಿನ ಕಾಡುತ್ತದೆ. ಎರಡು ತುತ್ತು ಮೆತ್ತಗಿನ ಅನ್ನ ತಿಂದರೆ ಸಾಕು, ಮಲಗಿಬಿಡೋರು. ಮೊದಲಿನ ಹಾಗೆ ಸಂತೆಗೆ ಹೋಗಿಬರೋಕೆ ಎರಡು ತಿಂಗಳು ಹಿಡಿಯಿತು.

ಇಷ್ಟರಲ್ಲಿ ನೆಂಟರು ನೆಲನೆಲ್ಲಿ ಕಷಾಯ ತಂದುಕೊಟ್ಟರು. ಆಗಷ್ಟೇ ಕೊಯ್ದ ಲಿವರ್‌ಗೆ ನಮ್ಮನ್ನು ಕೇಳದೆ ಏನೂ ಕೊಡಬೇಡಿ ಅಂದಿದ್ದರು ಡಾಕ್ಟರು. ಸುಮ್ನೆ ತೆಗೆದಿಟ್ಟೆ.

ಲಿವರ್ ಮತ್ತೆ ಬೆಳೆಯುತ್ತೆ ಅನ್ನೋದು ನಿಜ. ತೆಗೆದ ಭಾಗ ಚಿಗುರುವುದಿಲ್ಲ, ಉಳಿದದ್ದೇ ವಾರಗಟ್ಟಲೆ ಹಿಗ್ಗಿ ದೊಡ್ಡದಾಗುತ್ತದೆ. ಆದರೆ ಸಿರೋಸಿಸ್, ಅಂದರೆ ಲಿವರ್ ತುಂಬ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಇದ್ದರೆ ಆ ಶಕ್ತಿ ಕಡಿಮೆ. ಹಾಗಾಗಿ ಸರ್ಜನ್ ಹತ್ತಿರ ರೋಬೋಟ್ ಬಗ್ಗೆ ಕೇಳುವ ಮೊದಲು, "ತಂದೆಗೆ ಎಷ್ಟು ಲಿವರ್ ಉಳಿಯುತ್ತೆ, ಅದು ಎಷ್ಟು ಆರೋಗ್ಯವಾಗಿದೆ?" ಅಂತ ಕೇಳಿ. ರೋಬೋಟಿನಲ್ಲಿ ಲಿವರ್ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತಲೂ ಕೇಳಿ, ಸಂಕೋಚ ಬೇಡ. ರಕ್ತಸ್ರಾವ ಜಾಸ್ತಿಯಾದರೆ ಮಧ್ಯದಲ್ಲೇ ಹೊಟ್ಟೆ ತೆರೆದು ಮುಗಿಸಬೇಕಾಗಬಹುದು. ಸಹಿ ಹಾಕುವ ಕಾಗದದಲ್ಲಿ ಅದು ಇರುತ್ತದೆ, ಗಾಬರಿಯಾಗಬೇಡಿ.

ಇನ್ಶೂರೆನ್ಸ್ ಇದ್ದರೆ ರೋಬೋಟಿಕ್ ಸರ್ಜರಿಗೆ ಇಷ್ಟೇ ಅಂತ ಮಿತಿ ಹಾಕಿದ್ದಾರಾ ಈಗಲೇ ನೋಡಿ. ನಮ್ಮ ಪಾಲಿಸಿಯಲ್ಲಿ ಹಾಕಿದ್ದರು. ಗೊತ್ತಾಗಿದ್ದು ಡಿಸ್ಚಾರ್ಜ್ ದಿನ, ಬಿಲ್ಲಿಂಗ್ ಕೌಂಟರ್ ಮುಂದೆ.