ಯುಆರ್‌ಎಲ್ ಉದ್ದ ಆದಷ್ಟೂ ತಲೆನೋವು

ಪ್ರಶ್ನೆ: ಜಾಂಗೊದಲ್ಲಿ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್) ಲೈಬ್ರರಿಗೆ ಒಂದು ವೆಬ್ ಆಪ್ ಮಾಡ್ತಿದ್ದೀನಿ. ಮೆನು ಹೇಗಿದ್ಯೋ ಯುಆರ್‌ಎಲ್ಲೂ ಹಾಗೇ ಇರ್ಲಿ ಅಂತ ‘ವಿಭಾಗ/ಉಪವಿಭಾಗ/ಬುಕ್ಸ್/42’ ಅಂತ ಇಟ್ಟಿದ್ದೆ. ಈಗ ಪುಸ್ತಕನ ಬೇರೆ ವಿಭಾಗಕ್ಕೆ ಹಾಕಿದ್ರೆ ಹಳೇ ಲಿಂಕಲ್ಲಿ 404, ಅಂದ್ರೆ ‘ಪೇಜ್ ಸಿಗ್ಲಿಲ್ಲ’ ಅಂತ ಬರುತ್ತೆ. ಜೊತೆಗೆ ಪುಸ್ತಕದ ಲಿಂಕ್ ಒತ್ತಿದ್ರೆ ಸದಸ್ಯರ ಪೇಜ್ ಓಪನ್ ಆಗುತ್ತೆ, ಎರಡು ಆಪಲ್ಲೂ (ಪ್ರಾಜೆಕ್ಟಿನ ಒಂದೊಂದು ಭಾಗಕ್ಕೂ ಜಾಂಗೊದಲ್ಲಿ ಆಪ್ ಅಂತಾರೆ) ಪೇಜ್ ಹೆಸರು ‘ಡೀಟೇಲ್’ ಅಂತಾನೇ ಇದೆ. ಏನ್ ಮಾಡ್ಲಿ?

ಉತ್ತರ: ಎರಡನೇದು ಸುಲಭ, ಅದನ್ನ ಮೊದ್ಲು ಮುಗಿಸೋಣ. ಒಂದೇ ಹೆಸರು ಎರಡು ಕಡೆ ಇದ್ದು ಎರಡೂ ಒಂದೇ ಥರದ ಆರ್ಗ್ಯುಮೆಂಟ್ (42 ಥರದ ಐಡಿ) ತಗೊಳ್ತಿದ್ರೆ, ಲಿಸ್ಟಲ್ಲಿ ಕೊನೆಗೆ ಬಂದಿರೋದನ್ನೇ ಜಾಂಗೊ ಎತ್ಕೊಳ್ಳುತ್ತೆ, ಎರರ್ ಕೂಡ ಕೊಡಲ್ಲ. ಪ್ರತಿ ಆಪ್‌ನ ಯುಆರ್‌ಎಲ್ ಫೈಲಲ್ಲಿ ಆಪ್ ನೇಮ್ ಕೊಟ್ಟು ‘ಬುಕ್ಸ್:ಡೀಟೇಲ್’, ‘ಮೆಂಬರ್ಸ್:ಡೀಟೇಲ್’ ಅಂತ ಕರೀರಿ. ಟೆಂಪ್ಲೇಟಲ್ಲಿ (ಪೇಜ್‌ನ ಎಚ್‌ಟಿಎಮ್‌ಎಲ್ ಫೈಲ್) ವಿಳಾಸನ ಕೈಯಾರೆ ಟೈಪ್ ಮಾಡಿದ್ರೆ ಅದನ್ನೂ ಕಿತ್ತಾಕಿ ಹೆಸರು ಕೊಟ್ರೆ ವಿಳಾಸ ತಂದುಕೊಡೋ ಯುಆರ್‌ಎಲ್ ಟ್ಯಾಗ್ ಹಾಕಿ, ಯಾಕಂದ್ರೆ ಮುಂದೆ ವಿಳಾಸ ಬದಲಾಯಿಸೋದಿದೆಯಲ್ಲ, ಹೆಸರು ಹಾಗೇ ಇದ್ರೆ ಟೆಂಪ್ಲೇಟ್ ಮುಟ್ಟೋದೇ ಬೇಡ.

ಈಗ ಅಸಲಿ ವಿಷ್ಯ. ಮೆನು ಇರೋದು ನೋಡೋರ ಕಣ್ಣಿಗೆ, ಡಿಸೈನ್ ಬದಲಾದಾಗೆಲ್ಲ ಅದೂ ಬದಲಾಗುತ್ತೆ, ಯುಆರ್‌ಎಲ್‌ನ ಜನ ಬುಕ್‌ಮಾರ್ಕ್ ಮಾಡ್ಕೊಂಡಿರ್ತಾರೆ, ಇಮೇಲಲ್ಲಿ ಕಳಿಸಿರ್ತಾರೆ, ಇವೆರಡನ್ನ ಗಂಟು ಹಾಕಿದ್ದೇ ನಿಮ್ಮ ಸಮಸ್ಯೆ. ಒಂದರ ಕೆಳಗೆ ಇನ್ನೊಂದನ್ನ ಇಡೋ ಮುಂಚೆ ‘ಇದು ನಾಳೆ ಬೇರೆಯದರ ಕೆಳಗೆ ಹೋಗಬಹುದಾ?’ ಅಂತ ಕೇಳ್ಕೊಳ್ಳಿ. ಪುಸ್ತಕ ವಿಭಾಗ ಬದಲಾಯಿಸುತ್ತೆ, ಹಾಗಾಗಿ ವಿಭಾಗ ವಿಳಾಸದಲ್ಲಿ ಬೇಡ, ‘ಬುಕ್ಸ್/42’ ಸಾಕು. ವಿಭಾಗದ ಪ್ರಕಾರ ನೋಡ್ಬೇಕು ಅಂದ್ರೆ ಲಿಸ್ಟ್ ಪೇಜಲ್ಲಿ ಪ್ರಶ್ನಾರ್ಥಕ ಚಿಹ್ನೆ ಆದ್ಮೇಲೆ ಫಿಲ್ಟರ್ ಥರ ಬರ್ಲಿ. ಅದೇ ಒಂದು ಪುಸ್ತಕದ ಪ್ರತಿಗಳು ಇನ್ನೊಂದು ಪುಸ್ತಕಕ್ಕೆ ಹೋಗೋಕೆ ಸಾಧ್ಯನೇ ಇಲ್ಲ, ಅಲ್ಲಿ ‘ಬುಕ್ಸ್/42/ಕಾಪೀಸ್’ ಸರಿ. ಆದ್ರೆ ಅಲ್ಲಿಗೆ ನಿಲ್ಸಿ. ಒಂದು ಪ್ರತಿಗೆ ಅದರದ್ದೇ ನಂಬರ್ ಇರುತ್ತಲ್ಲ, ಅದನ್ನ ‘ಕಾಪೀಸ್/907’ ಅಂತ ಮೇಲಕ್ಕೆ ತನ್ನಿ. ಜಾಂಗೊ ಥರದ್ದೇ ಇನ್ನೊಂದು ಫ್ರೇಮ್‌ವರ್ಕ್ ಆದ ರೈಲ್ಸ್‌ನ ಗೈಡಲ್ಲೂ ಒಂದು ಹಂತಕ್ಕಿಂತ ಆಳಕ್ಕೆ ನೆಸ್ಟ್ ಮಾಡ್ಬೇಡಿ (ಒಂದರ ಕೆಳಗೊಂದು ಇಡ್ಬೇಡಿ) ಅಂತಾನೇ ಇದೆ, ಇದಕ್ಕೋಸ್ಕರ ‘ಶಾಲೋ’ ಅನ್ನೋ ಆಪ್ಷನ್ನೇ ಇಟ್ಟಿದ್ದಾರೆ.

ಹಳೇ ಲಿಂಕ್‌ಗಳದ್ದು ನಿಮ್ಮ ಅದೃಷ್ಟ, ಕೊನೇಲಿ 42 ಇದೆ. ಹಳೇ ಪ್ಯಾಟರ್ನ್‌ನ ತೆಗೀದೆ ಹಾಗೇ ಬಿಟ್ಟು, ವಿಭಾಗ ಉಪವಿಭಾಗ ಏನಿದ್ರೂ ತಲೆ ಕೆಡಿಸ್ಕೊಳ್ದೆ ಐಡಿ ಒಂದನ್ನ ಎತ್ಕೊಂಡು ಹೊಸ ವಿಳಾಸಕ್ಕೆ ರಿಡೈರೆಕ್ಟ್ ಮಾಡಿ, ಅಂದ್ರೆ ಬ್ರೌಸರ್ ತಾನಾಗೇ ಅಲ್ಲಿಗೆ ಹೋಗೋ ಹಾಗೆ ಮಾಡಿ. ಜಾಂಗೊದ ರಿಡೈರೆಕ್ಟ್ ವ್ಯೂ ಸುಮ್ನೆ ಬಿಟ್ರೆ 302 (ತಾತ್ಕಾಲಿಕ ರಿಡೈರೆಕ್ಟ್) ಕಳ್ಸುತ್ತೆ, ಟೆಸ್ಟ್ ಮಾಡುವಾಗ ಅದೇ ಇರ್ಲಿ, ಎಲ್ಲಾ ಸರಿ ಅನ್ಸಿದ್ಮೇಲೆ ಪರ್ಮನೆಂಟ್ ಆನ್ ಮಾಡಿ 301 (ಕಾಯಂ ರಿಡೈರೆಕ್ಟ್) ಮಾಡಿ. ಮೊದ್ಲೇ 301 ಕೊಟ್ರೆ ಬ್ರೌಸರ್ ಅದನ್ನ ನೆನಪಿಟ್ಕೊಂಡು ನೀವು ಕೋಡ್ ತಿದ್ದಿದ್ರೂ ಹಳೇ ದಾರಿಗೇ ಹೋಗ್ತಿರುತ್ತೆ, ಆಮೇಲೆ ಯಾಕಪ್ಪಾ ಅಂತ ಕೂತ್ಕೋಬೇಕು.

ಪ್ರಶ್ನೆ: ನಂಬರ್ ಬದ್ಲು ಪುಸ್ತಕದ ಹೆಸರಿನ ಸ್ಲಗ್ (ಯುಆರ್‌ಎಲ್‌ಗೆ ಒಗ್ಗೋ ಥರ ಬರೆದ ಹೆಸರು) ಇಟ್ರೆ ಚೆನ್ನಾಗಿರಲ್ವಾ? ಯುಆರ್‌ಎಲ್ ಕೊನೇಲಿ ಸ್ಲ್ಯಾಶ್ (/) ಬೇಕಾ?

ಉತ್ತರ: ನೋಡೋಕೆ ಚೆನ್ನಾಗಿರುತ್ತೆ ನಿಜ, ಆದ್ರೆ ಹೆಸರಲ್ಲಿ ಕಾಗುಣಿತ ತಪ್ಪಿತ್ತು ಅಂತ ತಿದ್ದಿ ಸ್ಲಗ್ಗೂ ಬದಲಾದ್ರೆ ಮತ್ತೆ ಅದೇ 404. ನಾನಾದ್ರೆ ಎರಡೂ ಇಟ್ಟು ಹುಡುಕೋದು ಮಾತ್ರ ನಂಬರಿಂದ ಮಾಡ್ತೀನಿ. ಸ್ಲಗ್ ಒಂದೇ ಇಡೋದಾದ್ರೆ ‘ಬುಕ್ಸ್/ನ್ಯೂ’ ಥರದ ಪೇಜ್‌ನ ಯುಆರ್‌ಎಲ್ ಫೈಲಲ್ಲಿ ಅದಕ್ಕಿಂತ ಮೇಲೆ ಬರೀರಿ, ಜಾಂಗೊ ಮೇಲಿಂದ ಕೆಳಕ್ಕೆ ನೋಡ್ತಾ ಮೊದ್ಲು ಹೊಂದಿದ್ದಕ್ಕೇ ನಿಲ್ಲುತ್ತೆ, ಇಲ್ಲಾಂದ್ರೆ ‘ನ್ಯೂ’ ಅನ್ನೋ ಪುಸ್ತಕ ಹುಡ್ಕೊಂಡು ಹೋಗುತ್ತೆ. ಸ್ಲ್ಯಾಶ್ ಇರ್ಲಿ ಇಲ್ದೇ ಇರ್ಲಿ, ಎಲ್ಲಾ ಕಡೆ ಒಂದೇ ಥರ ಇರ್ಬೇಕು ಅಷ್ಟೇ. ಜಾಂಗೊ ತಾನೇ ಸ್ಲ್ಯಾಶ್ ಸೇರಿಸಿ ಕಳಿಸುತ್ತೆ ಅಂತ ನಂಬ್ಕೊಂಡು ಫಾರ್ಮ್‌ನ ಸ್ಲ್ಯಾಶ್ ಇಲ್ಲದ ವಿಳಾಸಕ್ಕೆ ಪೋಸ್ಟ್ ಮಾಡ್ಬೇಡಿ, ಆ ರಿಡೈರೆಕ್ಟಲ್ಲಿ ತುಂಬಿಸಿದ ಡೇಟಾ ಕಳೆದುಹೋಗಬಹುದು.