ಡಿಸೆಂಬರ್‌ನಲ್ಲಿ ಕುಟುಂಬದೊಂದಿಗೆ ಜರ್ಮನಿ: ಊರಿಗಿಂತ ಮೊದಲು ತಾರೀಖು ಗೊತ್ತುಮಾಡಿಕೊಳ್ಳಿ

ಡಿಸೆಂಬರ್ 24ರ ರಾತ್ರಿ ಬೆಂಗಳೂರು ಬಿಟ್ಟು, ಎಪ್ಪತ್ತರ ಆಸುಪಾಸಿನ ತಂದೆತಾಯಿಯನ್ನೂ ಐದು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳನ್ನೂ ಕರೆದುಕೊಂಡು, ಐದು ದಿನಗಳಲ್ಲಿ ಫ್ರಾಂಕ್‌ಫರ್ಟ್, ಕಲೋನ್, ಬರ್ಲಿನ್ ಹಾಗೂ ಮ್ಯೂನಿಕ್ ನೋಡಬಹುದೇ, ಕ್ರಿಸ್‌ಮಸ್ ಮಾರುಕಟ್ಟೆ ಇವುಗಳಲ್ಲಿ ಎಲ್ಲಿ ಚೆನ್ನಾಗಿರುತ್ತದೆ ಎಂದು ಕೇಳಿದ್ದೀರಿ. ನಾನು ಹಲವು ವರ್ಷಗಳಿಂದ ದಕ್ಷಿಣ ಜರ್ಮನಿಯ ನ್ಯೂರೆಂಬರ್ಗ್ ಸಮೀಪ ನೆಲೆಸಿದ್ದೇನೆ. ಚಳಿಗಾಲದಲ್ಲಿ ಊರಿನಿಂದ ಬರುವ ನೆಂಟರಿಷ್ಟರನ್ನು ಸುತ್ತಾಡಿಸುವ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತದೆ. ನೀವು 25ರಂದು ಬಂದಿಳಿಯುವ ಹೊತ್ತಿಗೆ ಇಲ್ಲಿನ ಬಹುಪಾಲು ಕ್ರಿಸ್‌ಮಸ್ ಮಾರುಕಟ್ಟೆಗಳು ಮುಗಿದಿರುತ್ತವೆ. ನಮ್ಮಲ್ಲಿ ಹಬ್ಬದ ದಿನವೇ ಬೀದಿ ತುಂಬುತ್ತದೆಯಾದರೆ, ಇಲ್ಲಿ 24ರ ಮಧ್ಯಾಹ್ನಕ್ಕೇ ಅಂಗಡಿಗಳು ಬಾಗಿಲು ಹಾಕುತ್ತವೆ, 25 ಮತ್ತು 26 ಎರಡೂ ಸಾರ್ವಜನಿಕ ರಜೆ, ಜನರೆಲ್ಲ ಮನೆಯೊಳಗಿರುತ್ತಾರೆ. ಆದ್ದರಿಂದ ಊರುಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು ತಾರೀಖಿನ ವಿಷಯವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಮಕ್ಕಳ ಶಾಲೆಯಲ್ಲಿ ಒಂದು ವಾರ ರಜೆ ಕೇಳಲು ಸಾಧ್ಯವಿದ್ದರೆ ಡಿಸೆಂಬರ್ ಮಧ್ಯಭಾಗಕ್ಕೆ ಬನ್ನಿ, ಮತ್ತು ನ್ಯೂರೆಂಬರ್ಗ್ ಒಂದನ್ನೇ ತಂಗುದಾಣ ಮಾಡಿಕೊಳ್ಳಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಆ ವಿಮಾನ ನಿಲ್ದಾಣದಲ್ಲೇ ದೂರದ ರೈಲುಗಳ ನಿಲ್ದಾಣವೂ ಇರುವುದರಿಂದ, ಅಲ್ಲಿಂದ ಐಸಿಇ ಎಂಬ ವೇಗದ ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ನ್ಯೂರೆಂಬರ್ಗ್ ತಲುಪಬಹುದು. ಇಲ್ಲಿನ ಮಾರುಕಟ್ಟೆ ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದಕ್ಕೆ ಮುಂಚಿನ ಶುಕ್ರವಾರ ಆರಂಭವಾಗಿ 24ರವರೆಗೆ ನಡೆಯುತ್ತದೆ. ವಾರದ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋದರೆ ಕೆಂಪು-ಬಿಳಿ ಪಟ್ಟೆಬಟ್ಟೆಯ ಮಳಿಗೆಗಳ ನಡುವೆ ಹಿರಿಯರು ನಿಧಾನವಾಗಿ ನಡೆಯುವಷ್ಟು ಜಾಗವಿರುತ್ತದೆ. ಶನಿವಾರ ಸಂಜೆಯ ನೂಕುನುಗ್ಗಲಿಗೆ ಮಾತ್ರ ಅವರನ್ನು ಕರೆತರಬೇಡಿ. ಹನ್ನೆರಡಕ್ಕೆ ಸರಿಯಾಗಿ ಚೌಕದ ಫ್ರೌಎನ್‌ಕಿರ್ಷೆ ಚರ್ಚಿನ ಗಡಿಯಾರದ ಕೆಳಗೆ ನಿಲ್ಲಿ: ಕುಳಿತಿರುವ ಚಕ್ರವರ್ತಿ ನಾಲ್ಕನೆಯ ಕಾರ್ಲ್‌ನ ಸುತ್ತ ಏಳು ಮಂದಿ ಸಾಮಂತರ ಗೊಂಬೆಗಳು ಪ್ರದಕ್ಷಿಣೆ ಹಾಕುತ್ತವೆ. 1509ರಿಂದ ಇರುವ ಯಂತ್ರವಿದು. ಹತ್ತಿರದಲ್ಲೇ ಮಕ್ಕಳಿಗಾಗಿ ಪ್ರತ್ಯೇಕ ಮಾರುಕಟ್ಟೆಯಿದ್ದು, ಅಲ್ಲಿನ ಎರಡಂತಸ್ತಿನ ತಿರುಗುಬಂಡಿಯಿಂದ ನಿಮ್ಮ ಚಿಕ್ಕ ಮಗುವನ್ನು ಇಳಿಸುವುದೇ ಕಷ್ಟವಾದೀತು.

ನಾಲ್ಕು ಊರು ಏಕೆ ಬೇಡವೆಂದರೆ, ಈ ತಿಂಗಳಲ್ಲಿ ಬೆಳಕು ಬಹಳ ಕಡಿಮೆ. ಡಿಸೆಂಬರ್ ಮೂರನೆಯ ವಾರದಲ್ಲಿ ಇಲ್ಲಿ ಸೂರ್ಯೋದಯ ಎಂಟು ಗಂಟೆಗೆ, ಸೂರ್ಯಾಸ್ತ ನಾಲ್ಕೂಕಾಲಿಗೆ. ಕಲೋನ್‌ನಿಂದ ಬರ್ಲಿನ್‌ಗೆ ವೇಗದ ರೈಲಿನಲ್ಲೂ ನಾಲ್ಕು ಗಂಟೆಗಿಂತ ಹೆಚ್ಚು ಬೇಕು, ಅಲ್ಲಿಂದ ಮ್ಯೂನಿಕ್‌ಗೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಸಾಮಾನು ಕಟ್ಟುವುದು, ಹೋಟೆಲ್ ಬಿಡುವುದು, ಇನ್ನೊಂದರಲ್ಲಿ ಕೋಣೆ ಸಿಗುವವರೆಗೆ ಕಾಯುವುದು ಎಲ್ಲವೂ ಸೇರಿದರೆ ಇರುವ ಹಗಲೆಲ್ಲ ರೈಲಿನ ಕಿಟಕಿಯಲ್ಲೇ ಕಳೆದುಹೋಗುತ್ತದೆ. ಒಂದೇ ಊರಿನಲ್ಲಿದ್ದರೆ ಮಧ್ಯಾಹ್ನ ತಂದೆತಾಯಿ ಕೋಣೆಗೆ ಮರಳಿ ಒಂದು ಗಂಟೆ ಮಲಗಿ, ದೀಪ ಹೊತ್ತುವ ವೇಳೆಗೆ ಮತ್ತೆ ಹೊರಡಬಹುದು. ಈ ಅನುಕೂಲವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ನ್ಯೂರೆಂಬರ್ಗ್ ಮತ್ತು ಪಕ್ಕದ ಊರು ಫ್ಯೂರ್ತ್ ನಡುವೆ 1835ರಲ್ಲಿ ಜರ್ಮನಿಯ ಮೊದಲ ಉಗಿಬಂಡಿ ಓಡಿತು. ಅದರ ಪ್ರತಿಕೃತಿಯನ್ನು ಇಲ್ಲಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು (ಸೋಮವಾರ ರಜೆ). ಆದರೆ ಮಕ್ಕಳಿಗೆ ಅದಕ್ಕಿಂತ ಹಿಡಿಸುವುದು ಯು2 ಮತ್ತು ಯು3 ಮೆಟ್ರೊಗಳು. ಅವುಗಳಿಗೆ ಚಾಲಕನಿಲ್ಲ, ಮುಂದಿನ ಗಾಜಿಗೆ ಮುಖವಿಟ್ಟು ಕುಳಿತರೆ ಸುರಂಗದ ಹಳಿಗಳು ನೇರ ತಮ್ಮತ್ತಲೇ ಓಡಿಬರುವುದನ್ನು ಅವರು ನೋಡಬಹುದು. ಕೋಟೆಗೆ ಏರುವ ದಾರಿ ಮಾತ್ರ ಕಡಿದಾದ ಕಲ್ಲುಹಾಸು, ನೀರು ಹೆಪ್ಪುಗಟ್ಟಿದ ದಿನ ಜಾರುತ್ತದೆ; ಮಂಡಿನೋವಿರುವವರು ಕೆಳಗೇ ಉಳಿಯುವುದು ಲೇಸು. ಹತ್ತಿರದ ಹಳೆಯ ಊರು ಬಾಂಬರ್ಗ್‌ಗೆ ಒಂದು ದಿನ ಹೋಗಿಬರಲು ಐದು ಮಂದಿಯವರೆಗೆ ಸಲ್ಲುವ ‘ಬಯರ್ನ್ ಟಿಕೆಟ್’ (ಇಲ್ಲಿನ ಬವೇರಿಯಾ ರಾಜ್ಯದ ಒಂದು ದಿನದ ರೈಲು ಟಿಕೆಟ್) ಸಾಕು. ಅದು ಪ್ರಾದೇಶಿಕ ರೈಲುಗಳಿಗೆ ಮಾತ್ರ ಅನ್ವಯಿಸುತ್ತದೆ, ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರವಷ್ಟೇ ನಡೆಯುತ್ತದೆ.

ತಾರೀಖು ಬದಲಾಯಿಸಲು ಸಾಧ್ಯವೇ ಇಲ್ಲವೆಂದಾದರೆ ಎರಡು ದಾರಿಗಳಿವೆ. ಮಾರುಕಟ್ಟೆ ನೋಡಲೇಬೇಕೆಂಬ ಆಸೆಯಿದ್ದರೆ ಬರ್ಲಿನ್ ಆರಿಸಿಕೊಳ್ಳಿ. ಅಲ್ಲಿ ಬ್ರೈಟ್‌ಷೈಡ್‌ಪ್ಲಾಟ್ಸ್‌ನ ಮಾರುಕಟ್ಟೆಯೂ ಸೇರಿ ಕೆಲವು ಹೊಸ ವರ್ಷದವರೆಗೂ ಇರುತ್ತವೆ. ಅಂಥ ಹಟವಿಲ್ಲದಿದ್ದರೆ ಮ್ಯೂನಿಕ್ ಒಳ್ಳೆಯದು, ನನ್ನ ಒಲವೂ ಅದರ ಕಡೆಗೇ. ಇಸಾರ್ ನದಿಯ ದ್ವೀಪದಲ್ಲಿರುವ ಡಾಯ್ಚೆಸ್ ಮ್ಯೂಸಿಯಂ ಹತ್ತು ವರ್ಷದ ಮಗುವಿಗೆ ಇಡೀ ದಿನ ಸಾಲುವ ಜಾಗ, ಚಿಕ್ಕವರಿಗೂ ಪ್ರತ್ಯೇಕ ವಿಭಾಗವಿದೆ. ಆದರೆ 24, 25, 31 ಹಾಗೂ ಜನವರಿ 1ರಂದು ಮುಚ್ಚಿರುತ್ತದೆ, ಆದ್ದರಿಂದ 26 ಅಥವಾ 27ಕ್ಕೆ ಇಟ್ಟುಕೊಳ್ಳಿ. ಮಾರಿಯೆನ್‌ಪ್ಲಾಟ್ಸ್‌ನ ಗಂಟೆಗೋಪುರದ ಗೊಂಬೆಯಾಟ ಚಳಿಗಾಲದಲ್ಲಿ ಹನ್ನೊಂದಕ್ಕೆ ಮತ್ತು ಹನ್ನೆರಡಕ್ಕೆ ಮಾತ್ರ ನಡೆಯುತ್ತದೆ. ಸಂಜೆ ಐದರ ಆಟ ಬೇಸಿಗೆಯದು. ಮಕ್ಕಳಿಗೂ ಹಿರಿಯರಿಗೂ ಸದ್ದು ಆಗದಿದ್ದರೆ 31ರ ರಾತ್ರಿಗೆ ಮೊದಲೇ ಹೊರಟುಬಿಡಿ. ಆ ರಾತ್ರಿ ಜನರು ಬೀದಿಬೀದಿಯಲ್ಲಿ ಹೊಡೆಯುವ ಪಟಾಕಿಯ ಮುಂದೆ ನಮ್ಮ ದೀಪಾವಳಿಯೇ ಶಾಂತವೆನಿಸುತ್ತದೆ.

ನೀವು ಸಸ್ಯಾಹಾರಿಗಳೆಂದು ಬರೆದಿರುವುದರಿಂದ ಹೋಟೆಲಿಗಿಂತ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಮತ್ತು ರಜೆಗಳ ಹಿಂದಿನ ದಿನವೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಿ. ಭಾನುವಾರವೂ ಅಂಗಡಿಗಳಿಲ್ಲ, ದೊಡ್ಡ ರೈಲು ನಿಲ್ದಾಣಗಳ ಒಳಗಿನವು ಮಾತ್ರ ತೆರೆದಿರುತ್ತವೆ. ‘ವೆಗೆಟಾರಿಷ್’ ಎಂದು ಬರೆದ ತಿನಿಸಿನಲ್ಲಿ ಮೊಟ್ಟೆ ಇರುವುದು ಇಲ್ಲಿ ಸಹಜ. ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಬೇಯಿಸಿ ಸೇಬಿನ ಗೊಜ್ಜಿನೊಂದಿಗೆ ಕೊಡುವ ತಿಂಡಿ, ನ್ಯೂರೆಂಬರ್ಗ್‌ನ ಪ್ರಸಿದ್ಧ ಮಸಾಲೆ ಬಿಸ್ಕತ್ತು ಲೆಬ್‌ಕೂಖನ್, ಎರಡರಲ್ಲೂ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ಮೊಟ್ಟೆ ತಿನ್ನದವರು ‘ವೆಗಾನ್’ ಎಂದೇ ಕೇಳಬೇಕು. ಸುಟ್ಟ ಚೆಸ್ಟ್‌ನಟ್, ಸಕ್ಕರೆ ಲೇಪಿಸಿ ಹುರಿದ ಬಾದಾಮಿ ಇವುಗಳಿಗೆ ಚಿಂತೆಯಿಲ್ಲ. ಬಿಸಿ ಪಾನೀಯಗಳಲ್ಲಿ ಗ್ಲ್ಯೂವೈನ್ ಮದ್ಯ, ಕಿಂಡರ್‌ಪುನ್ಷ್ ಮದ್ಯವಿಲ್ಲದ್ದು. ಎರಡಕ್ಕೂ ಪಿಂಗಾಣಿ ಲೋಟದ ಠೇವಣಿಯೆಂದು ಕೆಲವು ಯೂರೊ ಸೇರಿಸಿ ತೆಗೆದುಕೊಂಡು, ಲೋಟ ಹಿಂತಿರುಗಿಸಿದಾಗ ಕೊಡುತ್ತಾರೆ. ಶೌಚಾಲಯಗಳಿಗೂ ಹಲವೆಡೆ ಹಣ ಕೊಡಬೇಕಾದ್ದರಿಂದ ಚಿಲ್ಲರೆ ಕೈಯಲ್ಲಿರಲಿ. ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ಮೇಲಂಗಿಗಿಂತ ನೀರು ಇಳಿಯದ ಶೂಗೆ ಹೆಚ್ಚು ಖರ್ಚು ಮಾಡಿ.

ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದಲೇ ಬೆಂಗಳೂರಿನಲ್ಲಿ ಸಲ್ಲಿಸಬಹುದು. ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45, ಆರಕ್ಕಿಂತ ಚಿಕ್ಕವರಿಗೆ ಇಲ್ಲ. ಹನ್ನೆರಡು ತುಂಬದ ಮಕ್ಕಳ ಬೆರಳಚ್ಚನ್ನೂ ತೆಗೆದುಕೊಳ್ಳುವುದಿಲ್ಲ. ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ತಂದೆತಾಯಿಯ ವಿಮೆ ಕೊಳ್ಳುವಾಗ ಅವರಿಗೆ ಈಗಾಗಲೇ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯಲ್ಲಿ ಓದಿಯೇ ಹಣ ಕಟ್ಟಿ, ಮತ್ತು ಅವರ ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ.